ಬರೀಬ್ಯಾಡ್ರಿ, ಕೇಳಾದ್ರೂ ಕೇಳ್ರಿ

"ಸಾಹೇಬ್ರ, ಗಾಂಜಾದ ಎಣ್ಣಿ ಬಂದದಂತ, ಅವ್ವಗ ಬರ್ದ್ ಕೊಡ್ರಿ." ಕಲಬುರಗಿಯ ದವಾಖಾನೆಗಳಲ್ಲಿ ಇದಕ್ಕೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: "ಅದೆಲ್ಲ ಬ್ಯಾಡ್ರಿ." ಅಷ್ಟೇ, ಮುಂದಿನ ಪೇಷೆಂಟ್ ಒಳಗೆ. ಬರೆದುಕೊಡದೇ ಇರುವುದು ತಪ್ಪಲ್ಲ. ಮಾತು ಅಲ್ಲಿಗೇ ಮುಗಿಸುವುದು ತಪ್ಪು.

ವೈದ್ಯರು ಕಾಯ್ದೆಗೆ ಹೆದರುತ್ತಾರೆ ಅಂತ ಜನ ಅಂದುಕೊಂಡಿದ್ದಾರೆ. ಅರ್ಧ ನಿಜ. ಮಾದಕವಸ್ತುಗಳಿಗೆ ಕಡಿವಾಣ ಹಾಕುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಅಂದರೆ ಗಿಡದ ಹೂವು-ಕಾಯಿಯ ತುದಿ. ತುದಿ ಜೊತೆಗಿಲ್ಲದ ಎಲೆ, ಬೀಜ ಆ ವ್ಯಾಖ್ಯೆಗೆ ಬರುವುದಿಲ್ಲ. ಈ ಸಂದಿಯಲ್ಲೇ 'ವಿಜಯಾ' (ಆಯುರ್ವೇದದಲ್ಲಿ ಇದೇ ಗಿಡದ ಹೆಸರು) ಹೆಸರಿನ ಆಯುರ್ವೇದ ಎಣ್ಣೆಗಳು ಮಾರಾಟಕ್ಕೆ ಬಂದಿರುವುದು. ಹಾಗಂತ ಅದು ತಲೆಗೆ ಹಚ್ಚುವ ಎಣ್ಣೆಯಲ್ಲ. ಆಯುರ್ವೇದದ ವಿಷದ್ರವ್ಯಗಳ ಪಟ್ಟಿಯಲ್ಲೇ ಭಂಗಿ ಇದೆ, ವೈದ್ಯರ ನಿಗಾದಲ್ಲೇ ತಗೋಬೇಕು.

ನಿಜವಾದ ತೊಡಕು ಡೋಸಿನದು. ಒಂದು ಲೆಕ್ಕ ಹಾಕಿ ನೋಡ್ರಿ. 30 ಮಿ.ಲೀ. ಬಾಟಲಿ, ಮೇಲೆ '3000 ಮಿ.ಗ್ರಾಂ. ಸಾರ' ಅಂತ ಬರೆದಿದೆ ಅನ್ನೋಣ. ಒಂದು ಮಿ.ಲೀ.ಗೆ 100 ಮಿ.ಗ್ರಾಂ. ಆಯಿತು. ಡ್ರಾಪರ್‌ನಲ್ಲಿ ಮಿ.ಲೀ.ಗೆ 25 ಹನಿ ಬಿದ್ದರೆ ಹನಿಗೆ 4 ಮಿ.ಗ್ರಾಂ. ಆ ಸಾರದಲ್ಲಿ ಅಮಲೇರಿಸುವ ಟಿಎಚ್‌ಸಿ ಎಷ್ಟು? ಅರ್ಧದಷ್ಟಿದ್ದರೆ ಐದು ಹನಿಗೆ 10 ಮಿ.ಗ್ರಾಂ. ಹೊಸಬರಿಗೆ ಶುರು ಮಾಡುವುದು 2.5ರಿಂದ. ಅಂದರೆ ನಾಲ್ಕು ಪಟ್ಟು! ಪ್ರಮಾಣವನ್ನೇ ಬರೆಯದ ಬಾಟಲಿಗೆ ಯಾವ ವೈದ್ಯರು ಸಹಿ ಹಾಕಬೇಕು?

ಇನ್ನೊಂದು ಎಡವಟ್ಟು ಇಲ್ಲೇ ಆಗುವುದು. ಸೇದಿದರೆ ನಿಮಿಷಗಳಲ್ಲಿ ಏರುತ್ತದೆ. ಹೊಟ್ಟೆಗೆ ತಗೊಂಡರೆ ಒಂದೆರಡು ತಾಸು ಬೇಕು. ಅರ್ಧ ತಾಸು ಕಾದು "ಏನೂ ಆಗ್ಲಿಲ್ಲ" ಅಂತ ಮತ್ತೆ ಐದು ಹನಿ ಹಾಕ್ತಾರೆ. ಆಮೇಲೆ ಎರಡೂ ಸೇರಿ ಎದೆ ಡವಡವ, ತಲೆ ಗಿರ್ರ್, ವಯಸ್ಸಾದವರಾದರೆ ಬಚ್ಚಲಿಗೆ ಹೋಗುವಾಗ ಬೀಳುವುದು.

ವೈದ್ಯರು ಹಿಂಜರಿಯುವುದು ನಮ್ಮಲ್ಲಷ್ಟೇ ಅಲ್ಲ. ಬ್ರಿಟನ್ 2018ರ ನವೆಂಬರ್‌ನಲ್ಲಿ ಗಾಂಜಾ ಔಷಧಿಗೆ ಬಾಗಿಲು ತೆರೆಯಿತು, ಆದರೆ ಬರೆಯಲು ಶುರು ಮಾಡುವ ಹಕ್ಕು ತಜ್ಞ ವೈದ್ಯರಿಗೆ ಮಾತ್ರ. ಹಳೆಯ ನೋವಿಗೆ ಟಿಎಚ್‌ಸಿ ಕೊಡಬೇಡಿ ಅಂತ ಮರುವರ್ಷವೇ ಅಲ್ಲಿನ ಮಾರ್ಗಸೂಚಿ ಬಂತು. ಗಟ್ಟಿ ಪುರಾವೆ ಇರುವುದು ಮಕ್ಕಳ ಕೆಲವು ಹಠಮಾರಿ ಮೂರ್ಛೆರೋಗಗಳಲ್ಲಿ, ಅದೂ ಗಿಡದ ಇನ್ನೊಂದು ಅಂಶ, ಅಮಲಿಲ್ಲದ ಸಿಬಿಡಿಗೆ. ಅಮೆರಿಕ 2018ರಲ್ಲಿ ಒಪ್ಪಿದ ಔಷಧದ ಡೋಸ್ ಕೆ.ಜಿ. ತೂಕಕ್ಕೆ 2.5 ಮಿ.ಗ್ರಾಂ.ನಂತೆ ದಿನಕ್ಕೆರಡು ಸಲ, ವಾರದ ನಂತರ 5. ಮಗು ಮೂರ್ಛೆರೋಗಕ್ಕೆ ವ್ಯಾಲ್ಪ್ರೋಯೇಟ್ ಗುಳಿಗೆ ತಗೊಳ್ಳುತ್ತಿದ್ದರೆ ಲಿವರ್ ಟೆಸ್ಟ್ ಏರುಪೇರಾಗಬಹುದು. ಅದೇ ರೋಗದ ಇನ್ನೊಂದು ಔಷಧಿ ಕ್ಲೋಬಜಾಮ್ ಇದ್ದರೆ ಮಂಪರು ಹೆಚ್ಚುತ್ತದೆ. ಹಿರಿಯರಲ್ಲಿ ರಕ್ತ ತೆಳುಮಾಡುವ ವಾರ್ಫರಿನ್ ಇದ್ದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವ ಅಳತೆ) ಏರಿ ರಕ್ತಸ್ರಾವದ ಭಯ.

ಹಂಗಂತ ಕ್ಯಾನ್ಸರ್ ನೋವಿಗೆ ಮಾರ್ಫಿನ್ ಬರೆಯಲು ಹೆದರುವ ವೈದ್ಯರನ್ನು ನಾನು ಸಮರ್ಥಿಸುವುದಿಲ್ಲ. ಅದಕ್ಕೆ ಡೋಸ್ ಇದೆ, ಪುಸ್ತಕ ಇದೆ, 2014ರ ತಿದ್ದುಪಡಿಯಿಂದ ಕಾಯ್ದೆಯೂ ಸಡಿಲವಾಗಿದೆ. ಗುಳಿಗೆ ನಾಲ್ಕು ತಾಸಿಗೊಂದರಂತೆ, ಜೊತೆಗೆ ಮಲಬದ್ಧತೆಗೆ ಔಷಧಿ, ಅದನ್ನು ಮರೆತರೆ ರೋಗಿ ಮೂರನೇ ದಿನಕ್ಕೆ ಗುಳಿಗೆಯನ್ನೇ ಬಿಡುತ್ತಾನೆ. ನೋವು ಇಳಿಯದಿದ್ದಾಗಲೇ ಜನ ಎಣ್ಣೆ ಹುಡುಕುವುದು.

ಈ ಭಾಗಕ್ಕೆ ಗಿಡ ಹೊಸದಲ್ಲ. ಯಾದಗಿರಿ ಜಿಲ್ಲೆಯ ತಿಂಥಣಿಯಲ್ಲಿ ಅದು ಮೌನೇಶ್ವರನ ಪ್ರಸಾದ ಅಂತ ಪತ್ರಿಕೆಗಳಲ್ಲೇ ಬಂದಿದೆ. ಹಾಗಾಗಿ "ಬ್ಯಾಡ್ರಿ" ಅಂದಮೇಲೂ ಜನ ತಗೊಳ್ಳುತ್ತಾರೆ, ಹೇಳುವುದಿಲ್ಲ ಅಷ್ಟೇ. ಏನು, ಎಷ್ಟು, ಯಾವಾಗಿಂದ, ಮನೆಯಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇತ್ತೇ, ಗರ್ಭಿಣಿಯೇ: ಎರಡು ನಿಮಿಷದ ಪ್ರಶ್ನೆಗಳು. ಸಿಟ್ಟಿಲ್ಲದ ದನಿಯಲ್ಲಿ ಕೇಳಿದರೆ ಉತ್ತರ ಬರುತ್ತದೆ.

ರೋಗಿಯ ಕಡೆಯವರು ಬಾಟಲಿಯನ್ನೇ ಚೀಲದಲ್ಲಿ ತನ್ನಿ, ಬೇರೆ ಸೀಸೆಗೆ ಸುರಿದು ತರಬೇಡಿ, ಲೇಬಲ್ ಬೇಕು. ಆಪರೇಷನ್ ಇದ್ದರೆ ಅರಿವಳಿಕೆ ವೈದ್ಯರಿಗೂ ಹೇಳಿ, ಹಿಂದಿನ ದಿನವೇ.