ಬ್ಯಾಕ್ಟೀರಿಯಾದ ಡಿಎನ್‌ಎ ನಕಲು: ಒಂದು ಸ್ಪಷ್ಟನೆ

‘ಬ್ಯಾಕ್ಟೀರಿಯಾಗಳಿಗೆ ಲಂಗುಲಗಾಮಿಲ್ಲ, ಆಹಾರ ಸಿಕ್ಕರೆ ಸುಮ್ನೆ ಡಿಎನ್‌ಎ ನಕಲು ಮಾಡುತ್ತಾ ಹೋಗುತ್ತವೆ’ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು.

ಕರುಳಿನಲ್ಲಿ ವಾಸಿಸುವ ಇ. ಕೋಲಿ ಬ್ಯಾಕ್ಟೀರಿಯಾವನ್ನೇ ನೋಡಿ. ನಕಲು ಶುರುವಾಗುವುದು ಓರಿ-ಸಿ ಎಂಬ ಒಂದೇ ಜಾಗದಲ್ಲಿ, ಉದ್ದ ಸುಮಾರು 250 ಡಿಎನ್‌ಎ ಅಕ್ಷರ (ಬೇಸ್ ಜೋಡಿ). ಎಟಿಪಿ ಎಂಬ ಶಕ್ತಿಯ ಅಣುವನ್ನು ಹಿಡಿದ ‘ಡಿಎನ್‌ಎ-ಎ’ (DnaA) ಪ್ರೋಟೀನ್ ಅಲ್ಲಿ ಸಾಕಷ್ಟು ಸೇರಿದ ಮೇಲಷ್ಟೇ ಎರಡು ಎಳೆಗಳು ಬಿಚ್ಚಿಕೊಳ್ಳುತ್ತವೆ. ಶುರುವಾದ ಕೂಡಲೇ ಬಾಗಿಲು ಬಂದ್! ಹೊಸ ಎಳೆಗೆ ಇನ್ನೂ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತು ಬಿದ್ದಿರುವುದಿಲ್ಲ. ಆ ಸುಳಿವು ಹಿಡಿದು ಸೀಕ್-ಎ (SeqA) ಪ್ರೋಟೀನ್ ನಕಲು ಕೂಡಲೇ ಮತ್ತೆ ಶುರುವಾಗದಂತೆ ಓರಿ-ಸಿಗೆ ಅಂಟಿ ಕೂರುತ್ತದೆ. ಎಷ್ಟು ಚೆಂದದ ಕಾವಲು ಅಲ್ವಾ?

ಗೊಂದಲ ಹುಟ್ಟುವುದು ಲೆಕ್ಕದಲ್ಲಿ. ಆಹಾರ ಜಾಸ್ತಿ ಇದ್ದರೆ ಕೋಶ 20 ನಿಮಿಷಕ್ಕೊಮ್ಮೆ ಎರಡಾಗಿ ಒಡೆಯುತ್ತದೆ, ನಕಲಿಗೆ ಸುಮಾರು 40 ನಿಮಿಷ ಬೇಕು. ಹಾಗಾಗಿ ಹಿಂದಿನದು ಮುಗಿಯುವ ಮೊದಲೇ ಮುಂದಿನದು ಶುರು. ಹೀಗೆ ಒಂದೇ ಕೋಶದಲ್ಲಿ ಓರಿ-ಸಿಯ ಹಲವು ಪ್ರತಿಗಳಿರುತ್ತವೆ. ಆಗಲೂ ಅವೆಲ್ಲ ಹೆಚ್ಚುಕಡಿಮೆ ಒಟ್ಟಿಗೇ, ಕೋಶ ವಿಭಜನೆಯ ಒಂದು ಸುತ್ತಿಗೊಮ್ಮೆ ಮಾತ್ರ ತೆರೆಯುತ್ತವೆ.