ಮಂಗಳದ ರೋಬೋಟ್ ಠಾಣೆ ಬಗ್ಗೆ ಆ ಫಾರ್ವರ್ಡ್ ಖರೆ ಅಲ್ರಿ

ನಮ್ಮ ಕಲಬುರಗಿ ಗ್ರೂಪ್‌ಗಳಾಗ ಎರಡು ದಿನದಿಂದ ಒಂದು ಮೆಸೇಜ್ ತಿರುಗ್ಲಿಕತ್ತದ, ಮಂಗಳ ಗ್ರಹದಾಗ ಸೋಲಾರ್ ಪ್ಲೇಟ್ ಹಾಕಿ ರೋಬೋಟ್ ಬಿಟ್ರ ಸಾಕು, ಇಲ್ಲಿ ಕುಂತು ಡ್ರೋನ್ ಹಾರಿಸಿದಂಗ ರಿಮೋಟ್‌ನಾಗ ಓಡಿಸ್ಕೋತ ವರ್ಷಗಟ್ಲೆ ರಿಸರ್ಚ್ ಮಾಡಬಹುದು ಅಂತ. ಹಂಗಿಲ್ರಿ ಅದು.

ಮೊದಲು ರಿಮೋಟ್ ವಿಷಯ. ಇಲ್ಲಿಂದ ಹೊಂಟ ಸಿಗ್ನಲ್ ಅಲ್ಲಿಗೆ ಮುಟ್ಲಿಕ್ಕೇ 3 ರಿಂದ 22 ನಿಮಿಷ ಬೇಕು, ವಾಪಸ್ ಬರ್ಲಿಕ್ಕ ಮತ್ತ ಅಷ್ಟೇ. ಮುಂದ ಗುಂಡಿ ಅದ ಅಂತ ನಮಗ ಫೋಟೋ ಬರೋದ್ರಾಗ ಗಾಡಿ ಬಿದ್ದಿರ್ತದ. ಅದಕ್ಕೇ ದಿನದ ಕೆಲಸ ಒಮ್ಮೆ ಕಳಿಸ್ತಾರ, ದಾರಿ ಅದೇ ನೋಡ್ಕೋತದ. ಸುಮಾರು 26 ತಿಂಗಳಿಗೊಮ್ಮೆ ಸೂರ್ಯ ನಡುವ ಬಂದಾಗ ಎರಡು ವಾರದಷ್ಟು ಕಮಾಂಡ್ ಕಳಿಸೋದೇ ಬಂದ್.

ಸೋಲಾರ್ ಮಾತಂತೂ ನನಗ ಭಾಳ ಬ್ಯಾಸರ ಆತು, ಯಾಕಂದ್ರ ಬ್ಯಾಸಗ್ಯಾಗ ನಮ್ಮ ಮಾಳಿಗಿ ಮ್ಯಾಲಿನ ಪ್ಲೇಟಿಗೆ ಧೂಳು ಕುಂತ್ರ ನಾವು ಹತ್ತಿ ಒರಸ್ತೀವಿ, ಅಲ್ಲಿ ಒರಸೋರು ಯಾರದಾರ್ರಿ? ನಾಸಾದ ಆಪರ್ಚುನಿಟಿ ರೋವರ್ (ಮಂಗಳದ ಮ್ಯಾಲೆ ಓಡಾಡೋ ಸೋಲಾರ್ ರೋಬೋಟ್ ಗಾಡಿ) 90 ದಿನಕ್ಕಂತ ಮಾಡಿದ್ದು 2004 ರಿಂದ ಓಡಿತು, ಗಾಳಿ ಆಗಾಗ ಧೂಳು ಹಾರಿಸಿದ್ದೂ ಅದಕ್ಕ ಅನುಕೂಲ ಆತು, ಆದ್ರ 2018 ರ ದೊಡ್ಡ ಧೂಳಿನ ಬಿರುಗಾಳಿಗೆ ಬಿಸಿಲೇ ಸಿಗದೆ ಸುಮ್ಮನಾತು. ಅಲ್ಲೇ ಒಂದು ಕಡೆ ನಿಂತು ಕೆಲಸ ಮಾಡ್ತಿದ್ದ ಇನ್‌ಸೈಟ್ ಸಹ 2022 ರಾಗ ಧೂಳಿಗೇ ಹೋತು. 2012 ರಾಗ ಇಳಿದ ಕ್ಯೂರಿಯಾಸಿಟಿ ರೋವರ್ ಓಡೋದು ಸೋಲಾರ್‌ನಾಗ ಅಲ್ಲ, ಪ್ಲುಟೋನಿಯಂ ಅನ್ನೋ ವಿಕಿರಣ ಸೂಸೋ ಧಾತುವಿನ ಶಾಖದಿಂದ ಬರೋ ಕರೆಂಟ್‌ನಾಗ, ಅದೂ ಇಳಿದಾಗ ಬರೇ 110 ವ್ಯಾಟ್ ಆಸುಪಾಸು, ನಮ್ಮ ಹಳೇ ಸೀಲಿಂಗ್ ಫ್ಯಾನ್ ಎರಡಕ್ಕೂ ಸಾಲಂಗಿಲ್ಲ.

ಖಾಯಂ ಠಾಣೆ ಮಾಡ್ಬೇಕಂದ್ರ ಕರೆಂಟ್, ರಾತ್ರಿ ಥಂಡಿ, ಕೆಟ್ಟ ಪಾರ್ಟ್ ಬದಲಿ ಮಾಡೋದು, ಇವೇ ದೊಡ್ಡ ಕೆಲಸ. ಆ ಮೆಸೇಜ್ ಕಳಿಸಿದವ್ರು ಇದನ್ನೂ ಅದೇ ಗ್ರೂಪಿಗೆ ಹಾಕ್ರಿ, ಸಾಲಿ ಹುಡುಗ್ರು ಓದ್ತಾರ.