ಥರ್ಮಾಕೋಲಿನ ಏಳು ಸುತ್ತು

ಏಳನೇ ಕ್ಲಾಸಿನ ಸಮಾಜ ವಿಜ್ಞಾನದ ಪುಸ್ತಕವನ್ನು ಓದದೆ, ಸ್ವಂತದ್ದೊಂದು ವಾಕ್ಯವನ್ನೂ ಬರೆಯದೆ, ವರ್ಷವಿಡೀ ಎ ಪ್ಲಸ್ ಪಡೆಯುವ ವಿದ್ಯೆ ಚಿತ್ರದುರ್ಗ–ದಾವಣಗೆರೆ ಸೀಮೆಯಲ್ಲಿ ಪೂರ್ತಿ ಸಿದ್ಧಿಸಿದೆ. 1997ರಲ್ಲಿ ಜಿಲ್ಲೆ ಎರಡಾದಾಗ ಕಚೇರಿ, ಕುರ್ಚಿ, ಕಡತ ಎಲ್ಲ ಪಾಲಾದವು. ಈ ವಿದ್ಯೆ ಮಾತ್ರ ಪಾಲಾಗದೆ ಒಟ್ಟು ಕುಟುಂಬದ ಆಸ್ತಿಯಾಗಿ ಉಳಿದಿದೆ. ವರ್ಷಕ್ಕೆ ನಾಲ್ಕು ಎಫ್‌ಎ (ಪಾಠದ ನಡುನಡುವೆ ನಡೆಯುವ ರೂಪಣಾತ್ಮಕ ಮೌಲ್ಯಮಾಪನ), ಎರಡು ಎಸ್‌ಎ (ಅವಧಿಯ ಕೊನೆಯ ಸಂಕಲನಾತ್ಮಕ ಮೌಲ್ಯಮಾಪನ). ಈ ಸಲ ಮಗುವನ್ನು ಆರನೇ ಕ್ಲಾಸಿಗೆ ಸೇರಿಸಿದ ತಂದೆತಾಯಿಗಳಿಗೆ ಅನುಕೂಲವಾಗಲಿ ಎಂದು ಕ್ರಮವನ್ನು ಇಲ್ಲಿ ಬಿಡಿಸಿ ಹೇಳಿದೆ.

ಮೊದಲು ಓದು. ಪಾಠ ಮುಗಿದ ದಿನ ಮೇಷ್ಟ್ರು “ಪೆನ್ಸಿಲ್ ತಗೊಳ್ರಿ” ಅನ್ನುತ್ತಾರೆ. “ಎರಡನೇ ಪ್ಯಾರಾ, ಮೂರನೇ ಸಾಲಿಂದ ಬ್ರಾಕೆಟ್ ಹಾಕ್ರಿ. ‘ಆದ್ದರಿಂದ’ ಅನ್ನೋತನಕ. ಇದು ಒಂದನೇ ಪ್ರಶ್ನೆ ಉತ್ರ.” ಹೀಗೆ ಒಂದು ಪಾಠಕ್ಕೆ ಎಂಟು ಹತ್ತು ಬ್ರಾಕೆಟ್ಟು. ಬ್ರಾಕೆಟ್ಟಿನ ಹೊರಗಿರುವ ವಾಕ್ಯಗಳನ್ನು ಆಮೇಲೆ ಯಾವ ಮನುಷ್ಯನೂ ನೋಡುವುದಿಲ್ಲ. ಅವು ಪುಸ್ತಕದ ಒಳಗೇ ಹುಟ್ಟಿ ಅಲ್ಲೇ ಸಾಯುತ್ತವೆ. ಇದರಲ್ಲಿ ಒಂದೇ ಒಂದು ತೊಡಕು, ಪ್ರಶ್ನೆಯನ್ನು ಯಾರಾದರೂ ತಿರುಗಿಸಿ ಕೇಳಿಬಿಡಬಾರದು. ‘ಬ್ರಹ್ಮಗಿರಿ ಶಾಸನ ಎಲ್ಲಿದೆ?’ ಎಂದರೆ ಐವತ್ತು ಮಕ್ಕಳೂ ಒಂದೇ ದನಿಯಲ್ಲಿ “ಮೊಳಕಾಲ್ಮೂರು ತಾಲೂಕಿನಲ್ಲಿದೆ” ಅನ್ನುತ್ತವೆ. ‘ಮೊಳಕಾಲ್ಮೂರು ತಾಲೂಕಿನಲ್ಲಿ ಏನಿದೆ?’ ಎಂದರೆ ಕ್ಲಾಸು ಗಪ್‌ಚುಪ್. ಹಿಂದಿನ ಬೆಂಚಿನಿಂದ ಒಬ್ಬ “ಸೀರೆ ಸಾರ್” ಅನ್ನಬಹುದು. ಅವನು ಹೇಳಿದ್ದು ನಿಜವೇ, ಆದರೆ ಬ್ರಾಕೆಟ್ಟಿನಲ್ಲಿಲ್ಲ. ಹಾಗಾಗಿ ಮಾರ್ಕ್ಸಿಲ್ಲ.

ಇನ್ನು ಬರವಣಿಗೆ. ಬೇಕಾಗುವ ಸಾಮಾನು: ಒಂದು ಬದಿ ಗೆರೆ, ಒಂದು ಬದಿ ಖಾಲಿ ಇರುವ ಪ್ರಾಜೆಕ್ಟ್ ಹಾಳೆ 20, ಸ್ಟಿಕ್ ಫೈಲು 1, ಕೆಂಪು ಮತ್ತು ಹಸಿರು ಸ್ಕೆಚ್ ಪೆನ್ನು, ಒಂದು ಗ್ಲಿಟರ್ ಪೆನ್ನು. ಮೊದಲ ದಿನ ಇಪ್ಪತ್ತೂ ಹಾಳೆಗೆ ಬಾರ್ಡರ್ ಹಾಕಬೇಕು. ಇದು ಅಮ್ಮನ ಕೆಲಸ. ಎರಡನೇ ದಿನ ಹೆಸರಿನ ಪುಟ, ಪ್ರಮಾಣಪತ್ರ, ಕೃತಜ್ಞತೆ, ಪರಿವಿಡಿ, ಪೀಠಿಕೆ. ಕೃತಜ್ಞತೆಯಲ್ಲಿ ಆಡಳಿತ ಮಂಡಳಿ, ಮುಖ್ಯ ಶಿಕ್ಷಕರು, ವಿಷಯ ಶಿಕ್ಷಕರು, ತಂದೆತಾಯಿ, ಸಹಪಾಠಿಗಳು ಎಲ್ಲರನ್ನೂ ನೆನೆಯಬೇಕು. ಬಾರ್ಡರ್ ಹಾಕಿದ ಅಮ್ಮನಿಗೂ ಪ್ರಿಂಟ್ ಕೊಟ್ಟ ಅಂಗಡಿಯವನಿಗೂ ಅದರಲ್ಲಿ ಪ್ರತ್ಯೇಕ ಜಾಗವಿಲ್ಲ, ಅದು ಸಂಪ್ರದಾಯ. ಕೊನೆಗೆ ಉಪಸಂಹಾರ. ಇವೆಲ್ಲದರ ನಡುವೆ ‘ವಿಷಯ’ ಎಂಬುದಕ್ಕೆ ನಾಲ್ಕು ಹಾಳೆ ಉಳಿಯುತ್ತದೆ.

ಆ ನಾಲ್ಕು ಹಾಳೆಯನ್ನು ತುಂಬುವುದು ಅಪ್ಪನ ಮೊಬೈಲು. ಅಂತರ್ಜಾಲದಲ್ಲಿ ಮೊದಲು ಕಂಡದ್ದನ್ನು ಪ್ರಿಂಟ್ ತೆಗೆಸಿ, ಮಗುವಿನ ಮುಂದಿಟ್ಟು, “ಅಕ್ಷರ ದುಂಡಗಿರ್ಲಿ” ಎಂದು ಹೇಳಿದರೆ ಆಯಿತು. ಮಗು ವಿಧೇಯವಾಗಿ ಎಲ್ಲವನ್ನೂ ಬರೆಯುತ್ತದೆ. ಎಲ್ಲವನ್ನೂ ಎಂದರೆ ನಿಜಕ್ಕೂ ಎಲ್ಲವನ್ನೂ. ‘ಕೋಟೆಯ ಇತಿಹಾಸ’ ಎಂಬ ಶೀರ್ಷಿಕೆಯ ಪಕ್ಕದಲ್ಲಿ, ವಿಕಿಪೀಡಿಯ ಪುಟವನ್ನು ತಿದ್ದಲು ಇರುವ ‘[ಸಂಪಾದಿಸಿ]’ ಎಂಬ ಗುಂಡಿಯನ್ನೂ ದುಂಡಗೆ ಬರೆದು, ಕೆಂಪು ಸ್ಕೆಚ್ ಪೆನ್ನಿನಲ್ಲಿ ಎರಡು ಗೆರೆ ಎಳೆದ ಪ್ರಾಜೆಕ್ಟುಗಳುಂಟು. ಅದರ ಪಕ್ಕದಲ್ಲೇ ಮೇಷ್ಟ್ರ ‘ಗುಡ್’ ಕೂಡ ಉಂಟು.

ಪ್ರವಾಸ ವರದಿಯದು ಇನ್ನೂ ಸುಲಭ, ಏಕೆಂದರೆ ಅದನ್ನು ಪ್ರವಾಸಕ್ಕೆ ಮೊದಲೇ ಬರೆಯಬಹುದು. ಅಂಕ ಏರಿಸುವ ಕೊನೆಯ ದಿನ ಮೊದಲು ಬರುತ್ತದೆ, ಬಸ್ಸು ಆಮೇಲೆ. ಬಸ್ಸು ಮಧ್ಯಾಹ್ನ ಮೂರಕ್ಕೇ ಕೋಟೆಯಿಂದ ಹೊರಟರೂ ‘ಬೆಟ್ಟದ ತುದಿಯಿಂದ ಕಂಡ ಸೂರ್ಯಾಸ್ತವು ಮನಮೋಹಕವಾಗಿತ್ತು’ ಎಂಬ ವಾಕ್ಯವನ್ನು ಬಿಡುವಂತಿಲ್ಲ.

ಎಲ್ಲಕ್ಕಿಂತ ಹೊಟ್ಟೆ ಉರಿಸುವುದು ‘ನಿಮ್ಮ ಮನೆಯ ಹಿರಿಯರನ್ನು ಸಂದರ್ಶಿಸಿ’ ಎಂಬ ಚಟುವಟಿಕೆ. ದಾವಣಗೆರೆಯಂಥ ಊರಿಗೆ ಇದಕ್ಕಿಂತ ಚಂದದ ಪ್ರಶ್ನೆಯನ್ನು ಯಾರೂ ಕೊಡಲಾರರು. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು, ಹತ್ತಿ ಮಿಲ್ಲಿನಲ್ಲಿ ರಾತ್ರಿ ಪಾಳಿ ಮಾಡಿದವರು ಇನ್ನೂ ಮನೆಮುಂದಿನ ಕಟ್ಟೆ ಮೇಲೆ ಕೂತಿದ್ದಾರೆ. ಪಾಳಿ ಎಷ್ಟು ಹೊತ್ತಿಗೆ ಬದಲಾಗುತ್ತಿತ್ತು, ಬಟವಾಡೆ ಯಾವ ದಿನ, ಯಾವ ಯಂತ್ರದ ಮುಂದೆ ನಿಲ್ಲುತ್ತಿದ್ದಿರಿ, ಮಿಲ್ಲು ಮುಚ್ಚಿದ ದಿನ ಮನೆಯಲ್ಲಿ ಏನು ಮಾತಾಯಿತು, ಆಮೇಲೆ ಏನು ಮಾಡಿದಿರಿ, ಇಷ್ಟು ಐದು ಪ್ರಶ್ನೆ ಕೇಳಿ, ಅಜ್ಜ ಆಡಿದ ಮಾತನ್ನೇ ಬರೆದುಕೊಂಡರೆ ಸಾಕು, ಯಾವ ಪುಸ್ತಕದಲ್ಲೂ ಇಲ್ಲದ ಎರಡು ಪುಟ ಇತಿಹಾಸ ಕೈಗೆ ಸಿಗುತ್ತದೆ. ಬದಲಿಗೆ ಆಗುವುದು ಇದು:

“ಅಜ್ಜ, ಇಲ್ಲೊಂದ್ ಸೈನ್ ಹಾಕು.”

“ಏನದು?”

“ನಿನ್ ಸಂದರ್ಶನ.”

“ನನ್ನುನ್ನ ಯಾವಾಗ್ ಕೇಳ್ದೆ?”

“ಜೆರಾಕ್ಸ್ ಅಂಗಡ್ಯಾಗೆ ರೆಡಿ ಐತೆ. ಎಲ್ರೂ ಅದನ್ನೇ ತಂದಾರೆ.”

ಆ ರೆಡಿ ಹಾಳೆಯಲ್ಲಿ ಅಜ್ಜ ಸ್ವಾತಂತ್ರ್ಯ ಹೋರಾಟಗಾರರು. ಗಾಂಧೀಜಿಯವರನ್ನು ಕಣ್ಣಾರೆ ಕಂಡಿದ್ದಾರೆ, ಉಪ್ಪಿನ ಸತ್ಯಾಗ್ರಹದಲ್ಲಿ ಲಾಠಿ ಏಟು ತಿಂದಿದ್ದಾರೆ. ಆಧಾರ್ ಕಾರ್ಡಿನಲ್ಲಿ ಹುಟ್ಟಿದ ಇಸವಿ 1956. ಒಂದೇ ಸೆಕ್ಷನ್ನಿನಲ್ಲಿ ಐವತ್ತು ಅಜ್ಜಂದಿರು, ಒಂದೇ ದಿನ, ಒಂದೇ ಲಾಠಿ.

ಈಗ ಮಾದರಿ. ಚಿತ್ರದುರ್ಗದಲ್ಲಿ ‘ಮಾದರಿ ತನ್ನಿ’ ಎಂದರೆ ಕೋಟೆ ಎಂದೇ ಅರ್ಥ. ಅಡಿಪಾಯಕ್ಕೆ ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲದ ಹಲಗೆ. ಅರ್ಧ ಇಂಚಿನ ಥರ್ಮಾಕೋಲ್ ಹಾಳೆ ಮೂರು. ಕೋಟೆ ಏಳು ಸುತ್ತಿನದು. ಗೋಡೆಗೆ ಅರ್ಧ ಇಂಚು, ಗೋಡೆಯಿಂದ ಗೋಡೆಗೆ ಒಂದು ಇಂಚು ಎಂದು ಹಿಡಿದರೂ ಒಂದು ಸುತ್ತು ಎರಡೂ ಬದಿ ಸೇರಿ ಮೂರು ಇಂಚು ನುಂಗುತ್ತದೆ, ಏಳಕ್ಕೆ ಇಪ್ಪತ್ತೊಂದು ಇಂಚಾಯಿತು. ಹಲಗೆ ಇರುವುದೇ ಹದಿನೆಂಟು. ಆದಕಾರಣ ಮೂರು ಸುತ್ತು ಕಟ್ಟಿ ‘ಏಳು ಸುತ್ತಿನ ಕೋಟೆ’ ಎಂದು ಚೀಟಿ ಅಂಟಿಸುವುದು ವಾಡಿಕೆ. ಯಾರೂ ಎಣಿಸುವುದಿಲ್ಲ. ಕೋಟೆಗೆ 19 ಬಾಗಿಲು, 38 ದಿಡ್ಡಿ ಬಾಗಿಲು, 35 ಗುಪ್ತ ದಾರಿ, ಕಣ್ಣಿಗೆ ಕಾಣದ ದಾರಿ 4 ಎಂದು ಹೇಳುವುದುಂಟು. ಮಾದರಿಯಲ್ಲಿ ಸರಿಯಾಗಿ ಮೂಡಿಬರುವುದು ಆ ಕೊನೆಯ ನಾಲ್ಕು ಮಾತ್ರ.

ಅಂಟಿನ ವಿಷಯದಲ್ಲಿ ಎಚ್ಚರ ಬೇಕು. ಫೆವಿಕ್ವಿಕ್ ಹಾಕಿದರೆ ಥರ್ಮಾಕೋಲ್ ಕರಗುತ್ತದೆ. ಫೆವಿಕಾಲ್ ಹಾಕಿದರೆ, ಎರಡು ಹಾಳೆಗಳ ನಡುವೆ ಗಾಳಿಯಾಡದ ಕಾರಣ ಬೆಳಗಾದರೂ ಒಣಗುವುದಿಲ್ಲ. ಗುಂಡುಪಿನ್ನು ಚುಚ್ಚಿ ಹಿಡಿಸಬೇಕು. ಸ್ಪ್ರೇ ಬಣ್ಣವನ್ನು ನೇರವಾಗಿ ಹೊಡೆಯಲೇಬಾರದು. ಅದರೊಳಗಿನ ದ್ರಾವಕ ಥರ್ಮಾಕೋಲನ್ನು ತಿಂದುಹಾಕಿ ಬತ್ತೇರಿ (ಕೋಟೆಯ ಕಾವಲು ಬುರುಜು) ಇದ್ದ ಕಡೆ ಗುಂಡಿ ಬೀಳುತ್ತದೆ. 1779ರಲ್ಲಿ ಕೋಟೆ ಹಿಡಿದ ಹೈದರಾಲಿಗೂ ಇಷ್ಟು ಬೇಗ ಆಗಿರಲಿಲ್ಲ. ಮೊದಲು ನೀರು ಬೆರೆಸಿದ ಫೆವಿಕಾಲಿನ ಒಂದು ಕೋಟು, ಒಣಗಿದ ಮೇಲೆ ಪೋಸ್ಟರ್ ಬಣ್ಣ. ಓಬವ್ವನ ಕಿಂಡಿಗೆ ಪೆನ್ಸಿಲ್ ಚುಚ್ಚಿ ತಿರುಗಿಸಿದರೆ ಸಾಕು. ಪಕ್ಕದಲ್ಲಿ ನಿಲ್ಲಿಸುವ ಓಬವ್ವ ಜಾತ್ರೆಯಲ್ಲಿ ತಂದ ನಾಲ್ಕು ಇಂಚಿನ ಗೊಂಬೆ, ಗೋಡೆ ಮೂರಿಂಚು. ಒನಕೆ ಬೆಂಕಿಕಡ್ಡಿ. ಆ ಅಳತೆಯ ಓಬವ್ವನಿಗೆ ಒನಕೆಯ ಅಗತ್ಯವೇ ಇಲ್ಲ, ಗೋಡೆಯಾಚೆಗೆ ಕೈ ಚಾಚಿ ಒಬ್ಬೊಬ್ಬರನ್ನೇ ಎತ್ತಿ ಆಚೆ ಇಡಬಹುದು.

ಅಲಂಕಾರದ ಥರ್ಮಾಕೋಲನ್ನು ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಿದೆ. ಅದಕ್ಕೇ ಶಾಲೆಯವರು ಈಗ ಅದನ್ನು ಅಲಂಕಾರ ಅನ್ನುವುದಿಲ್ಲ, ಕಲಿಕೆ ಅನ್ನುತ್ತಾರೆ.

ಮೇಷ್ಟ್ರನ್ನು ಬೈದು ಪ್ರಯೋಜನವಿಲ್ಲ, ಲೆಕ್ಕ ಹಾಕಿ ನೋಡಿ. ನಾಲ್ಕು ಸೆಕ್ಷನ್ನು, ಸೆಕ್ಷನ್ನಿಗೆ ಐವತ್ತು, ಒಟ್ಟು ಇನ್ನೂರು ಮಕ್ಕಳು. ತಲಾ ಇಪ್ಪತ್ತು ಹಾಳೆ ಎಂದರೆ ನಾಲ್ಕು ಸಾವಿರ. ಹಾಳೆಗೆ ಒಂದೇ ನಿಮಿಷ ಕೊಟ್ಟರೂ ಅರವತ್ತಾರು ಗಂಟೆ ಮೀರುತ್ತದೆ, ಅದೂ ಒಂದು ಎಫ್‌ಎಗೆ. ಅಷ್ಟರಲ್ಲಿ ಇಲಾಖೆಯ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್‌ಗೆ ಅಂಕ ಏರಿಸಬೇಕು, ಸುತ್ತಲಿನ ಶಾಲೆಗಳ ಉಸ್ತುವಾರಿಯ ಸಿ.ಆರ್.ಪಿ. ಬಂದಾಗ ಕಡತ ತೋರಿಸಬೇಕು, ಚಟುವಟಿಕೆಯ ಫೋಟೋ ಗ್ರೂಪಿಗೆ ಹಾಕಬೇಕು. ಆದ್ದರಿಂದಲೇ ಆ ಪ್ರಸಿದ್ಧ ಕೆಂಪು ಟಿಕ್ ಹುಟ್ಟಿದೆ. ಹಾಳೆಯ ಎಡ ಮೂಲೆಯಲ್ಲಿ ಶುರುವಾಗಿ, ಒಂದೂ ಅಕ್ಷರವನ್ನು ಮುಟ್ಟದೆ, ಬಾರ್ಡರಿಗೂ ತಾಗದೆ, ಬಲ ಮೂಲೆಗೆ ಹೋಗಿ ನಿಲ್ಲುತ್ತದೆ. ಕೆಳಗೆ ಸಹಿ, ದಿನಾಂಕ. ಪರಿಶೀಲನೆಗೆ ಬಂದವರು ನೋಡುವುದು ಆ ಸಹಿಯನ್ನು. ಹೀಗೆ ಮಗು ಓದದ್ದನ್ನು ಅಪ್ಪ ಓದಿಲ್ಲ, ಅಪ್ಪ ಓದದ್ದನ್ನು ಮೇಷ್ಟ್ರು ಓದಿಲ್ಲ, ಮೇಷ್ಟ್ರು ಓದದ್ದಕ್ಕೆ ಮೇಲಿನವರು ಸೀಲು ಹೊಡೆದಿದ್ದಾರೆ. ನಾಲ್ಕು ಹಂತದಲ್ಲಿ ಎಲ್ಲೂ ಸೋರಿಕೆಯಿಲ್ಲ. ಮಾರಿಕಣಿವೆ ಅಣೆಕಟ್ಟು ಕಟ್ಟಿದವರು ನೋಡಿದ್ದರೆ ಭೇಷ್ ಅನ್ನುತ್ತಿದ್ದರು.

ತಮಾಷೆಯೆಂದರೆ, ನಮ್ಮ ಸೀಮೆಗೆ ಬಂದ ಅತ್ಯಂತ ಹಳೆಯ ಸುತ್ತೋಲೆ ಮೊಳಕಾಲ್ಮೂರು ತಾಲೂಕಿನ ಬಂಡೆಯ ಮೇಲೇ ಇದೆ. ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಪತ್ತೆಹಚ್ಚಿದ ಅದೇ ಬ್ರಹ್ಮಗಿರಿಯ ಅಶೋಕನ ಶಾಸನ, ಕ್ರಿ.ಪೂ. 3ನೇ ಶತಮಾನದ್ದು. ಸುವರ್ಣಗಿರಿ ಎಂಬ ಪ್ರಾಂತೀಯ ರಾಜಧಾನಿಯಿಂದ ಆರ್ಯಪುತ್ರ (ರಾಜಕುಮಾರ) ಮತ್ತು ಮಹಾಮಾತ್ರರು (ಹಿರಿಯ ಅಧಿಕಾರಿಗಳು) ಇಸಿಲ ಎಂಬ ಊರಿನ ಮಹಾಮಾತ್ರರಿಗೆ ಕಳಿಸಿದ್ದು. ಮೇಲಿನ ಕಚೇರಿಯಿಂದ ಕೆಳಗಿನ ಕಚೇರಿಗೆ, ಥೇಟ್ ಇವತ್ತಿನ ಹಾಗೆ. ವ್ಯತ್ಯಾಸ ಎರಡೇ. ಒಂದು, ಆ ಸುತ್ತೋಲೆ ಮೊದಲು ಕೆಳಗಿನವರ ಆರೋಗ್ಯ ವಿಚಾರಿಸುತ್ತದೆ. ತಂದೆತಾಯಿಯ ಸೇವೆ, ಸತ್ಯ ನುಡಿಯುವುದು, ಶಿಷ್ಯನು ಆಚಾರ್ಯನನ್ನು ಗೌರವಿಸುವುದು ಎಲ್ಲ ಆಮೇಲೆ. ಇನ್ನೊಂದು, ಕೊನೆಯಲ್ಲಿ ಅದನ್ನು ಬರೆದ ಲಿಪಿಕಾರ ಚಪಡ ತನ್ನ ಹೆಸರು ಹಾಕಿದ್ದಾನೆ. ಶಾಸನ ಪೂರ್ತಿ ಬ್ರಾಹ್ಮಿಯಲ್ಲಿದ್ದರೂ ‘ಲಿಪಿಕಾರ’ ಎಂಬುದನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬಲದಿಂದ ಎಡಕ್ಕೆ ಕೆತ್ತಿದ್ದಾನೆ. ಬರೆದವನೇ ಹೆಸರು ಹಾಕಿದ ದಾಖಲೆ ಇಲ್ಲಿ ಅದರ ನಂತರ ಕಡಿಮೆಯಾಗುತ್ತಾ ಬಂದಿದೆ.

ಇದೇ ಶಾಸನವನ್ನಿಟ್ಟುಕೊಂಡು ಬೇರೆ ಥರದ ಕೆಲಸ ಕೊಡಲು ಬರುತ್ತದೆ. ಕನ್ನಡ ಅನುವಾದದ ಹತ್ತು ಸಾಲನ್ನು ಬೋರ್ಡಿನ ಮೇಲೆ ಬರೆದು ಎರಡು ಸಲ ಗಟ್ಟಿಯಾಗಿ ಓದಿಸಿ, ಒರೆಸಿಬಿಡಿ. ‘ಈ ಸುತ್ತೋಲೆ ಕೈಸೇರಿದ ದಿನ ಇಸಿಲದ ಅಧಿಕಾರಿ ಏನು ಮಾಡಿರಬಹುದು? ಶಾಸನದ ಎರಡು ಮಾತನ್ನು ಆಧಾರ ಕೊಟ್ಟು ಅರ್ಧ ಪುಟ ಬರೆಯಿರಿ.’ ಸಮಯ ಇಪ್ಪತ್ತು ನಿಮಿಷ, ಕ್ಲಾಸಿನಲ್ಲೇ. ಮನೆಗೆ ಕಳಿಸಿದರೆ ಅಪ್ಪ ಬರೆಯುತ್ತಾನೆ. ತಿದ್ದಲು ತಲಾ ಮೂರು ನಿಮಿಷ, ಇನ್ನೂರಕ್ಕೆ ಹತ್ತು ಗಂಟೆ. ವಾರಕ್ಕೊಂದು ಸೆಕ್ಷನ್ ಹಿಡಿದರೆ ಎರಡೂವರೆ ಗಂಟೆ. ಮೊದಲ ಸಲ ಅರ್ಧ ಕ್ಲಾಸು ಖಾಲಿ ಹಾಳೆ ಕೊಡುತ್ತದೆ. ಆ ಖಾಲಿ ಹಾಳೆಗೆ ಗ್ಲಿಟರ್ ಪೆನ್ನಿನ ಫೈಲಿಗಿಂತ ಹೆಚ್ಚು ಬೆಲೆ, ಏಕೆಂದರೆ ಅದರಲ್ಲಿ ಸುಳ್ಳಿಲ್ಲ.

ಆದರೆ ಹೀಗೆ ಮಾಡಹೊರಟ ಮೇಷ್ಟ್ರ ಪಾಡು ಕೇಳಬೇಡಿ. ಪೋಷಕರ ಸಭೆಯಲ್ಲಿ ಮೊದಲ ಪ್ರಶ್ನೆ: “ಬರೀ ಅರ್ಧ ಪುಟಾನಾ ಸಾರ್? ಪಕ್ಕದ್ ಸ್ಕೂಲಾಗೆ ಇಪ್ಪತ್ ಪುಟ ಬರೆಸ್ತಾರೆ. ಫೀಸ್ ನಾವೇನ್ ಕಡಿಮೆ ಕಟ್ಟೀವಾ?” ಪರಿಶೀಲನೆಗೆ ಬಂದವರು “ಫೋಟೋ ಎಲ್ಲಿ?” ಅನ್ನುತ್ತಾರೆ. ಬರೆಯುತ್ತಾ ತಲೆ ಬಗ್ಗಿಸಿದ ಮಕ್ಕಳ ಫೋಟೋದಲ್ಲಿ ಬಣ್ಣವಿಲ್ಲ, ಬ್ಯಾನರಿಲ್ಲ. ಅದು ‘ಚಟುವಟಿಕೆ’ ಆಗುವುದು ಹೇಗೆ?

ಜೆರಾಕ್ಸ್ ಅಂಗಡಿಯವನಷ್ಟೇ ಈ ಬದಲಾವಣೆಯನ್ನು ತೆರೆದ ಮನಸ್ಸಿನಿಂದ ಬರಮಾಡಿಕೊಳ್ಳುವವನು. ಎರಡನೇ ವಾರಕ್ಕೇ ಗಾಜಿನ ಮೇಲೆ ಹೊಸ ಚೀಟಿ ಅಂಟಿರುತ್ತದೆ: ‘ಸ್ವಂತ ವಾಕ್ಯಗಳಲ್ಲಿ ಬರೆದ ಉತ್ತರಗಳು ಸಿಗುತ್ತವೆ. ಅರ್ಧ ಪುಟಕ್ಕೆ 10 ರೂ. ಕಾಗುಣಿತದ ತಪ್ಪು ಬೇಕಿದ್ದಲ್ಲಿ ಮೊದಲೇ ತಿಳಿಸಿ.’